ಮುಟ್ಟಬಾರದ ಲೋಟ

ಕಾಲೇಜು ಬಿಟ್ಟು ಮೂರು ತಿಂಗಳಿಂದ ಕೋಣೆ ಸೇರಿದ್ದ ಮಗಳಿಗೆ, ದಿನನಿತ್ಯದ ಕೆಲಸಗಳ ಮೂಲಕವೇ ಚಿಕಿತ್ಸೆ ಕೊಡುವ ಆಕ್ಯುಪೇಷನಲ್ ಥೆರಪಿಸ್ಟ್ ಕೊಟ್ಟದ್ದು ಒಂದೇ ಕೆಲಸ: ತಾನು ಕುಡಿದ ಲೋಟವನ್ನು ತಾನೇ ತೊಳೆಯುವುದು. ಇದೂ ಒಂದು ಚಿಕಿತ್ಸೆಯೇ ಎಂದು ನನಗೆ ಮೈಯೆಲ್ಲ ಉರಿಯಿತು. ಸಿಂಕಿನಲ್ಲಿ ಎಂಜಲು ಲೋಟ ಕಂಡರೆ ನನ್ನ ಕೈ ಸುಮ್ಮನಿರುವುದಿಲ್ಲ. ವಾರವಿಡೀ ನಾನೇ ತೊಳೆದು, ತೊಳೆದ ದಿನ ಗುರುತು ಹಾಕಲೆಂದು ಮಗಳಿಗೆ ಕೊಟ್ಟಿದ್ದ ಪಟ್ಟಿಯಲ್ಲಿ ಗುರುತನ್ನೂ ನಾನೇ ಹಾಕಿದೆ.

ಥೆರಪಿಸ್ಟ್ ಪಟ್ಟಿ ನೋಡಿ, ನನ್ನ ಮುಖ ನೋಡಿ ನಕ್ಕರು. "ಚೆನ್ನಾಗಿ ತೊಳೀತೀರಮ್ಮ. ಈ ವಾರ ಕೆಲಸ ನಿಮಗೂ ಇದೆ. ಲೋಟ ಮುಟ್ಟಬೇಡಿ."

ಮೂರು ದಿನ ಲೋಟ ಅಲ್ಲೇ ಒಣಗಿತು. ಹಲ್ಲು ಕಚ್ಚಿಕೊಂಡಿದ್ದೆ. ನಾಲ್ಕನೆಯ ದಿನ ಬೆಳಿಗ್ಗೆ ನಲ್ಲಿಯ ಸದ್ದು ಕೇಳಿತು.

"ಅಮ್ಮಾ, ಸೋಪು ಎಲ್ಲಿಟ್ಟಿದೀಯ?"

"ಅಲ್ಲೇ ಇದೆ, ನೋಡೇ," ಎಂದೆ, ಕುರ್ಚಿಯಿಂದ ಏಳದೆ.

ಆಮೇಲೆ ಹೋಗಿ ನೋಡಿದರೆ ಲೋಟದ ತಳದಲ್ಲಿ ಇನ್ನೂ ನೊರೆ. ಅದರಲ್ಲೇ ಕಾಫಿ ಸುರಿದುಕೊಂಡು ಕೊನೆಯ ಗುಟುಕಿನವರೆಗೂ ಕುಡಿದೆ.