ಎದ್ದಾಗ ಯಾರ ಪಕ್ಕ

"ಅಲ್ಲಿ ಯಜಮಾನರು ನಿಮಗೋಸ್ಕರ ಕಾಯ್ತಾ ಇರ್ತಾರಮ್ಮ," ಎಂದು ಪಾದ್ರಿ ಹೇಳಿದ್ದೇ ತಡ, ಮುದುಕಿ ಬಾಯಲ್ಲಿದ್ದ ಹಾಲು ಬ್ರೆಡ್ಡನ್ನು ಉಗುಳಿಬಿಟ್ಟಳು. ಅರ್ಧ ಅವಳ ಗಲ್ಲದ ಮೇಲೆ ಇಳಿಯಿತು, ಇನ್ನರ್ಧ ಪಾದ್ರಿಯ ಬಿಳಿ ನಿಲುವಂಗಿಯ ತೋಳಿಗೆ ಮೆತ್ತಿಕೊಂಡಿತು.

"ಗಂಟಲಿಗೆ ಸಿಕ್ಕಿರಬೇಕು ಫಾದರ್," ಎನ್ನುತ್ತಾ ಮಗ ಕರ್ಚೀಫು ತೆಗೆದು ಪಾದ್ರಿಯ ತೋಳು ಒರೆಸಿದ. ಅಮ್ಮನ ಗಲ್ಲ ಒರೆಸುವ ಕೆಲಸ ಎಂದಿನಂತೆ ಮಗಳ ಪಾಲಿಗೆ ಬಂತು.

"ಗಂಟಲಿಗೆ ಏನೂ ಸಿಕ್ಕಿಲ್ಲ. ಆ ಮನುಷ್ಯ ಅಲ್ಲಿ ಕಾಯ್ತಿರೋದಾದ್ರೆ ನಾನು ಬರೋದಿಲ್ಲ. ಹಾಗಂತ ದೇವರಿಗೆ ಹೇಳಿಬಿಡಿ," ಎಂದಳು ಮುದುಕಿ.

ಪಾದ್ರಿ ನಕ್ಕರು. ರೋಗಿಗಳಿಗೆಂದೇ ಎತ್ತಿಟ್ಟುಕೊಂಡಿದ್ದ ನಗೆ ಅದು.

ಮಗಳು ಆಸ್ಪತ್ರೆಯ ಲಾಂಡ್ರಿಯಲ್ಲಿ ಕೆಲಸ ಮಾಡುವವಳು. ರಕ್ತ, ಕೀವು, ಮಲ ಮೆತ್ತಿದ ಹಾಸಿಗೆ ಬಟ್ಟೆಗಳನ್ನು ದಿನಬೆಳಗಾದರೆ ಕೈಯಾರೆ ಬಿಡಿಸಿ ಯಂತ್ರಕ್ಕೆ ಹಾಕುತ್ತಾಳೆ. ಮನೆಗೆ ಬಂದು, ಮಲಗಿ ಮಲಗಿ ಹುಣ್ಣಾದ ಅಮ್ಮನ ಬೆನ್ನನ್ನು ತೊಳೆಯುವಾಗಲೂ ಅವಳಿಗೆ ವಾಕರಿಕೆ ಬಂದದ್ದಿಲ್ಲ. ಆದರೆ ಈ ಕೋಣೆಯಲ್ಲಿ 'ಯಜಮಾನರು' ಎಂಬ ಮಾತು ಕೇಳಿ ಅವಳಿಗೆ ಹೇಸಿಗೆಯಾಯಿತು. ಸಾರು ಆರಿದೆ ಎಂದು ತಟ್ಟೆಯನ್ನು ಹೆಂಡತಿಯ ತಲೆಯ ಮೇಲೆ ಕವುಚಿ, ಆಮೇಲೆ ಕೈ ತೊಳೆದು, ತಲೆ ಬಾಚಿ, ಚರ್ಚಿಗೆ ಹೋಗಿ ಎಲ್ಲರಿಗಿಂತ ಜೋರಾಗಿ ಹಾಡುತ್ತಿದ್ದ ಮನುಷ್ಯ ಅವಳ ಅಪ್ಪ. ಅವನು ಸತ್ತಾಗ ಅಣ್ಣ ಕರಿಕಲ್ಲಿನ ಸಮಾಧಿ ಕಟ್ಟಿಸಿದ. ಅದರ ಮೇಲೆ ಬದುಕಿರುವ ಅಮ್ಮನ ಹೆಸರನ್ನೂ 'ಪ್ರಿಯ ಪತ್ನಿ' ಎಂದು ಕೆತ್ತಿಸಿಟ್ಟಿದ್ದ. ಅದೇ ಗುಂಡಿ ತೆರೆದು ಗಂಡನ ಪೆಟ್ಟಿಗೆಯ ಮೇಲೆ ಅವಳ ಪೆಟ್ಟಿಗೆ ಇಡುವುದೆಂದು ತೀರ್ಮಾನವಾಗಿತ್ತು.

"ಕೊನೇ ದಿನ ಎಲ್ಲರೂ ಸಮಾಧಿಯಿಂದ ಏಳ್ತಾರೆ ಅಂತ ನೀವೇ ಹೇಳ್ತೀರಲ್ಲ ಫಾದರ್. ನಾನು ಕಣ್ಣುಬಿಟ್ಟಾಗ ಅವನ ಮುಖ ಕಾಣಬಾರದು."

"ಅಲ್ಲಿ ಗಂಡ ಹೆಂಡತಿ ಅನ್ನೋದೇ ಇರಲ್ಲಮ್ಮ. ಎಲ್ಲರೂ ದೇವದೂತರ ಹಾಗೆ."

"ಅವನು ದೂತನಾಗಲಿ ದೆವ್ವವಾಗಲಿ, ದೂರ ಇದ್ದರೆ ಸಾಕು. ನನ್ನನ್ನ ಮಗು ಪಕ್ಕ ಮಲಗಿಸಿ."

ಮಗು ಎಂದರೆ ಚೊಚ್ಚಲ ಹೆಣ್ಣು. ಎಂಟು ತಿಂಗಳಿಗೇ ಜ್ವರದಲ್ಲಿ ಹೋಯಿತು. ಪ್ರಾರ್ಥನೆ ಮಾಡಿದ್ದೇನೆ, ಡಾಕ್ಟರು ಯಾಕೆ ಎಂದು ಅಪ್ಪ ಬಾಗಿಲಿಗೆ ಅಡ್ಡ ನಿಂತಿದ್ದ. ಚರ್ಚಿನ ಹಿಂದಿನ ಗೋಡೆಗೆ ಒತ್ತಿದಂತೆ ಚಿಕ್ಕ ಮಕ್ಕಳನ್ನು ಹೂಳುವ ಸಾಲಿನಲ್ಲಿ ಅದನ್ನು ಮಣ್ಣು ಮಾಡಿದ್ದರು.

"ಅಮ್ಮಾ, ಅದು ಮಕ್ಕಳ ಜಾಗ," ಎಂದ ಮಗ.

"ಅವಳಿಗೆ ನಡೆಯೋಕೆ ಬರಲ್ಲ ಕಣೋ," ಎಂದು ಮುದುಕಿ ಮೊಣಕೈ ಊರಿ ಏಳಲು ನೋಡಿದಳು. "ಎಲ್ಲರೂ ಎದ್ದು ಗಡಿಬಿಡೀಲಿ ಹೊರಟಾಗ ಅವಳನ್ನ ಎತ್ಕೊಳ್ಳೋರು ಯಾರು? ಅಂಬೆಗಾಲಿಡೋ ಕೂಸು, ಜನರ ಕಾಲಡಿ ಸಿಕ್ಕಿಬಿಡುತ್ತೆ. ನಾನು ಪಕ್ಕದಲ್ಲೇ ಇದ್ರೆ ಕೈಗೆ ಸಿಗ್ತಾಳೆ."

ಗಂಡಸರಿಬ್ಬರೂ ಮುಖ ಮುಖ ನೋಡಿಕೊಂಡು ಹೊರಗೆ ಹೋದರು. ಮಗಳು ಬೇಸಿನ್ನಿನ ನೀರು ಚೆಲ್ಲಲು ಬಚ್ಚಲಿಗೆ ಹೋದಾಗ ಕಿಟಕಿಯಾಚೆ ಅವರ ಮಾತು ಕೇಳಿಸಿತು.

"ಆಯ್ತು ಅಂದುಬಿಡಿ ಫಾದರ್. ಕಲ್ಲಿನ ಮೇಲೆ ಹೆಸರು ಕೆತ್ತಿಸಿ ಆಗಿದೆ. ಈಗ ಬೇರೆ ಕಡೆ ಹೂಳಿದ್ರೆ ಜನ ನಮ್ಮಪ್ಪನ ಬಗ್ಗೆ ಏನಂದ್ಕೋತಾರೆ? ಹೋದಮೇಲೆ ಅವಳಿಗೇನು ಗೊತ್ತಾಗುತ್ತೆ?"

"ಅದೂ ನಿಜಾನೇ ಬಿಡಿ," ಎಂದರು ಪಾದ್ರಿ.

ಪ್ರತಿ ಭಾನುವಾರ ಸತ್ತವರು ಏಳುತ್ತಾರೆಂದು ಗಂಟಲು ಹರಿಯುವಂತೆ ಕೂಗುವ ಬಾಯಿ ಅದು. ಆ ಮಾತನ್ನು ನಂಬಿದವಳು ಆ ಮನೆಯಲ್ಲಿ ಒಬ್ಬಳೇ, ಒಳಗೆ ಬೆನ್ನು ಕೊಳೆತು ಮಲಗಿದ್ದಳು.

ಪಾದ್ರಿ ಒಳಗೆ ಬಂದು ಮುದುಕಿಯ ಕೈ ಹಿಡಿದರು. "ಆಯ್ತಮ್ಮ. ಮಗು ಪಕ್ಕದಲ್ಲೇ."

"ನಿಜವಾಗ್ಲೂ?"

"ನಿಜವಾಗ್ಲೂ."

ಸುಳ್ಳು ಎಂದು ಕಿರುಚಬೇಕಾಗಿದ್ದ ಮಗಳು ಬಾಗಿಲಲ್ಲೇ ನಿಂತಳು. ಅಮ್ಮನ ಮುಖ ಅಷ್ಟು ಅರಳಿದ್ದನ್ನು ಅವಳು ಎಂದೂ ಕಂಡಿರಲಿಲ್ಲ. ಅದನ್ನು ಕೆಡಿಸಲು ಅವಳಿಗೆ ಮನಸ್ಸಾಗಲಿಲ್ಲ. ಆಗ ಅವಳಿಗೆ ತನ್ನ ಮೇಲೂ ಹೇಸಿಗೆಯಾಯಿತು.

"ಸಮಾಧಾನ ಆಯ್ತಲ್ಲಮ್ಮ?" ಎಂದ ಮಗ.

ಮುದುಕಿ ಅವನತ್ತ ನೋಡಲಿಲ್ಲ. ಎರಡೂ ಕೈಗಳನ್ನು ಮುಖದ ಹತ್ತಿರ ತಂದು ಬೆರಳುಗಳನ್ನು ಒಂದೊಂದಾಗಿ ಪರೀಕ್ಷಿಸಿದಳು. ಆಮೇಲೆ ಮಗಳನ್ನು ಕರೆದು ನೇಲ್ ಕಟರ್ ತರಿಸಿಕೊಂಡಳು. ಮಗಳು ಮಂಚದ ಅಂಚಿನಲ್ಲಿ ಕೂತು, ಆ ಒಣಗಿದ ಕೈಯನ್ನು ಮಡಿಲಲ್ಲಿಟ್ಟುಕೊಂಡು ಹೆಬ್ಬೆರಳಿನಿಂದ ಶುರುಮಾಡಿದಳು.

"ಇನ್ನೂ ಸ್ವಲ್ಪ ಒಳಕ್ಕೆ ಕತ್ತರಿಸೇ," ಎಂದಳು ಮುದುಕಿ. "ಎತ್ಕೊಳ್ಳುವಾಗ ಅವಳಿಗೆ ಗೀರಬಾರದು."