ಹಸಿರು ಅಂಚಿನ ಸೈಕಲ್ಲು

ನಾನು ಒಂದು ಸೈಕಲ್ಲು. ಎಲ್ಲಿ ಹುಟ್ಟಿದೆನೋ ಸರಿಯಾಗಿ ಗೊತ್ತಿಲ್ಲ. ನನ್ನ ನೆನಪು ಶುರುವಾಗುವುದು ಒಂದು ಲಾರಿಯಲ್ಲಿ. ನನ್ನಂಥವೇ ನೀಲಿ ಸೈಕಲ್ಲುಗಳು ಒಂದರ ಮೈಮೇಲೆ ಒಂದು ಒರಗಿಕೊಂಡಿದ್ದವು. ಕೊಪ್ಪಳದ ಕಡೆಯ ಒಂದು ಹೈಸ್ಕೂಲಿನ ಮುಂದೆ ನಮ್ಮನ್ನು ಇಳಿಸಿದರು. ಎಂಟನೇ ಇಯತ್ತೆಯ ಮಕ್ಕಳಿಗೆ ಸರಕಾರ ಕೊಟ್ಟ ಸೈಕಲ್ಲುಗಳು ನಾವು. ಶಾಲೆಯ ಒಳಗೆ ನಾನು ಒಂದು ದಿನವೂ ಹೋದವನಲ್ಲ. ಬೇವಿನ ಮರದ ಕೆಳಗೆ ನಿಂತು, ಕಿಟಕಿಯಿಂದ ಬಂದಷ್ಟು ಕೇಳಿಸಿಕೊಂಡೆ. ನನ್ನ ವಿದ್ಯೆ ಅಷ್ಟೇ.

ನಾನು ಯಮನೂರಪ್ಪನ ಪಾಲಿಗೆ ಬಂದೆ. ಸಣಕಲ ಹುಡುಗ, ಮಾತು ತೊದಲುತ್ತಿತ್ತು. ಅವನ ಅವ್ವ ಹೊನ್ನವ್ವ ನನಗೆ ಕುಂಕುಮ ಹಚ್ಚಿದಳು. ತನ್ನ ಹಳೆಯ ಸೀರೆಯ ಹಸಿರು ಅಂಚು ಹರಿದು ಹ್ಯಾಂಡಲ್ಲಿಗೆ ಕಟ್ಟಿದಳು.

"ಎಲ್ಲಾ ಒಂದೇ ನಮೂನಿ ಅದಾವು. ನಿಂದು ಯಾವುದಂತ ಗುರ್ತು ಇರ್ಲಿ," ಅಂದಳು.

ಎಲ್ಲರ ಮನೆಯಲ್ಲೂ ಹಾಗೇ. ಒಂದಕ್ಕೆ ಕರಿದಾರ, ಇನ್ನೊಂದಕ್ಕೆ ಪ್ಲಾಸ್ಟಿಕ್ ಹೂವು.

ಆ ಗುರುತೇ ನಮಗೆ ಮುಳುವಾಯಿತು. ಹತ್ತನೇ ಇಯತ್ತೆಯಲ್ಲಿ ಶಾಂತವೀರ ಅಂತ ಒಬ್ಬನಿದ್ದ. ಯಮನೂರಪ್ಪ ನಲ್ಲಿಯ ಹತ್ತಿರ "ನೀ... ನೀ..." ಅನ್ನುವಷ್ಟರಲ್ಲಿ, "ನೀಲಗಿರಿ ಬೇಕೇನಲೇ?" ಎಂದು ಅವನ ಮಾತು ತಾನೇ ಮುಗಿಸಿಬಿಡುತ್ತಿದ್ದ. ಗೆಳೆಯರು ನಗುತ್ತಿದ್ದರು. ಸಂಜೆ ಹಸಿರು ಅಂಚು ಹುಡುಕಿ ಬಂದು, ಗಾಳಿ ಹೋಗಲೆಂದು ನನ್ನ ಗಾಲಿಯ ವಾಲ್ ಕಿತ್ತು ಬೇಲಿಗೆ ಎಸೆಯುತ್ತಿದ್ದ.

"ಇವನ ನಾಲಿಗ್ಯಾಗ ಗಾಳಿ ಇಲ್ಲ. ಸೈಕಲ್ಲಿಗ್ಯಾಕ ಬೇಕು?"

ಎರೆಮಣ್ಣಿನ ದಾರಿಯಲ್ಲಿ ಹುಡುಗ ನನ್ನನ್ನು ತಳ್ಳಿಕೊಂಡು ಹೋಗುತ್ತಿದ್ದ. ಅವ್ವ ಕೇಳಿದರೆ ಜಾಲಿಮುಳ್ಳು ಅನ್ನುತ್ತಿದ್ದ. ಸುಳ್ಳು ಹೇಳಿ ನನ್ನ ಸೀಟು ಸವರುತ್ತಿದ್ದ, ನನ್ನದೇ ತಪ್ಪೆಂದು ನಾನು ತಿಳಿಯಬಾರದು ಎಂಬಂತೆ.

ಹೆಡ್ ಮಾಸ್ತರರಿಗೆ ಸುದ್ದಿ ಮುಟ್ಟಿತು. ಕೆಟ್ಟವರಲ್ಲ ಅವರು, ಅವಸರದವರು. ಪ್ರಾರ್ಥನೆಯ ಹೊತ್ತಿಗೆ ಇಡೀ ಶಾಲೆಯ ಮುಂದೆ ಯಮನೂರಪ್ಪನನ್ನು ನಿಲ್ಲಿಸಿ, "ಅಂಜಬ್ಯಾಡ, ಯಾರು ಮಾಡಿದ್ರು ಹೆಸರು ಹೇಳು" ಅಂದರು.

"ಶಾ... ಶಾ..."

"ಶಾವಿಗಿ ಪಾಯಸರೀ ಸರ್" ಅಂದಿತು ಹಿಂದಿನ ಸಾಲಿನ ಒಂದು ದನಿ. ನಗು ಎದ್ದಿತು. ಹುಡುಗ ಬಾಯಿ ಮುಚ್ಚಿಕೊಂಡ.

ಮರುದಿನ ನಾವಿಬ್ಬರೂ ಶಾಲೆಗೆ ಹೋಗಲಿಲ್ಲ. "ನಾ ಶಾಲಿಗೆ ಹೋಗಂಗಿಲ್ಲವ್ವಾ, ಕುರಿ ಕಾಯ್ತೀನಿ" ಅಂದ. ಆ ಮಾತು ಮಾತ್ರ ಎಲ್ಲೂ ತೊದಲಲಿಲ್ಲ.

ಸಂಜೆ ಅವನ ವರ್ಗದ ನೀಲವ್ವ, ಕನ್ನಡ ಕಲಿಸುವ ಅಕ್ಕೋರನ್ನು ಕರೆದುಕೊಂಡು ಬಂದಳು. ಕಂಡದ್ದನ್ನೆಲ್ಲ ಹೊನ್ನವ್ವನಿಗೆ ಹೇಳಿದಳು.

"ಅಷ್ಟು ಮಂದಿ ಮುಂದ ಅವನ್ನ ಕೇಳಬಾರದಿತ್ತು. ತಪ್ಪು ನಮ್ದು" ಅಂದರು ಅಕ್ಕೋರು.

ಹೊನ್ನವ್ವ ಎದ್ದು ಬಂದು ನನ್ನ ಅಂಚಿಗೆ ಕೈಹಾಕಿದಳು. "ಗುರ್ತೇ ಬ್ಯಾಡ ಹಂಗಾದ್ರ."

"ಬಿಚ್ಚಬ್ಯಾಡ ದೊಡ್ಡವ್ವಾ" ಅಂದಳು ನೀಲವ್ವ. "ಆ ಸೀರಿ ಇನ್ನ ಐತೇನು?"

ಇತ್ತು. ಆ ರಾತ್ರಿ ಅದು ಚೂರುಚೂರಾಯಿತು.

ಮರುದಿನ ಬೇವಿನ ಮರದ ಕೆಳಗೆ ಮಕ್ಕಳು ಕರಿದಾರ, ಹೂವು ಬಿಚ್ಚಿ, ಎಲ್ಲ ಸೈಕಲ್ಲಿಗೂ ಹಸಿರು ಅಂಚು ಕಟ್ಟಿದರು. ಅಕ್ಕೋರ ಸ್ಕೂಟಿಗೂ ಒಂದು. ಒಳಗೆ ಯಮನೂರಪ್ಪನ ಹಾಜರಿ ಕೂಗಿದಾಗ "ಹಾ... ಹಾ..." ಅನ್ನುವುದು ಕೇಳಿಸಿತು. ಯಾರೂ ನಗಲಿಲ್ಲ. "ಅವನ ಮಾತು ಅವನೇ ಮುಗಿಸ್ಲಿ" ಅಂದಿದ್ದರಂತೆ ಅಕ್ಕೋರು. ಇಡೀ ವರ್ಗ ಕಾಯಿತು. ಕೊನೆಗೆ "ಹಾಜರ್" ಅಂದ.

ಸಂಜೆ ಶಾಂತವೀರ ಬಂದ. ಆ ಕಡೆ ನೋಡಿದ, ಈ ಕಡೆ ನೋಡಿದ. ಗೆಳೆಯರ ಮುಂದೆ ಸುಮ್ಮನೆ ತಿರುಗಿ ಹೋಗಲು ನಾಚಿಕೆ. ಅಂದಾಜಿನ ಮೇಲೆ ನನ್ನ ಪಕ್ಕದ ಸೈಕಲ್ಲಿನ ವಾಲ್ ಕಿತ್ತೆಸೆದ. ಅದು ಎಂಟನೇ ಇಯತ್ತೆಯಲ್ಲೇ ಓದುತ್ತಿದ್ದ ಅವನ ತಂಗಿ ಗೌರವ್ವನದು.

ಗೌರವ್ವ ಬಂದು ಗಾಲಿ ನೋಡಿದಳು, ಅಣ್ಣನ ಮುಖ ನೋಡಿದಳು. ಬೈಯಲಿಲ್ಲ.

"ಅಣ್ಣಾ, ನನಗ ತಳ್ಳಾಕ ಆಗಂಗಿಲ್ಲ. ನೀನೇ ತಳ್ಳು."

ಅವರ ಊರು ನಮ್ಮ ಊರಿಗಿಂತ ಆಚೆ. ಅವನು ತಳ್ಳುತ್ತ ಮುಂದೆ, ನಾವು ಹಿಂದೆ. ಹಳ್ಳದ ಏರಿನಲ್ಲಿ ಅವನಿಗೆ ಉಸಿರು ಹತ್ತಿತು. ಆ ಏರು ನನಗೆ ಗೊತ್ತು. ಯಮನೂರಪ್ಪ ನನ್ನನ್ನು ಒಂದು ಕಲ್ಲಿಗೆ ಒರಗಿಸಿ ಹೋಗಿ, ಆ ಸೈಕಲ್ಲಿನ ಕ್ಯಾರಿಯರಿಗೆ ಹಿಂದಿನಿಂದ ಕೈ ಕೊಟ್ಟ. ಏರು ಮುಗಿಯುವವರೆಗೆ ಕೈ ತೆಗೆಯಲಿಲ್ಲ.

ಆಮೇಲೆ ನನ್ನ ವಾಲ್ ಯಾರೂ ಕೀಳಲಿಲ್ಲ. ಅಕ್ಕೋರು ಶಾಂತವೀರನನ್ನು ಕೂರಿಸಿಕೊಂಡು ಬಹಳ ಹೊತ್ತು ಮಾತಾಡಿದರು. ಏನೆಂದು ತಿಳಿಯದು, ಕಿಟಕಿ ಮುಚ್ಚಿತ್ತು.

ಹುಡುಗ ಹೈಸ್ಕೂಲು ಮುಗಿಸಿದ. ನಾನು ಹೊನ್ನವ್ವನ ಕೈಗೆ ಬಂದು, ಸಂತೆಗೆ ಮೆಂತ್ಯೆ, ಪುಂಡಿಪಲ್ಯದ ಸೊಪ್ಪಿನ ಗಂಟು ಹೊತ್ತೆ. ಆಮೇಲೆ ಯಮನೂರಪ್ಪ ಹಿಟ್ಟಿನ ಗಿರಣಿ ಹಾಕಿದಾಗ ಹಿಟ್ಟಿನ ಚೀಲ ಹೊತ್ತೆ. ಈಗ ಗಿರಣಿಯ ಗೋಡೆಗೆ ಒರಗಿದ್ದೇನೆ. ಚೈನಿಲ್ಲ. ಸೀಟಿನ ಮೇಲೆ ಕೋಳಿ ಕೂರುತ್ತದೆ.

ಮೊನ್ನೆ ಹಳೇ ಕಬ್ಬಿಣ ಕೊಳ್ಳುವವನೊಬ್ಬ ತಕ್ಕಡಿ ಹಿಡಿದು ಬಂದ. ಹೊನ್ನವ್ವ ನನ್ನನ್ನು ತೋರಿಸಿದಳು. ಅವನು ಬಗ್ಗಿ ನನ್ನನ್ನು ಎತ್ತುವಾಗ, ಬಣ್ಣ ಹೋದ ಅಂಚು ಕೈಗೆ ಸಿಕ್ಕಿತು. ಅದನ್ನೇ ಹಿಡಿದು ನಿಂತ. ತಲೆ ನರೆಯುತ್ತಿತ್ತು, ಆದರೂ ಗುರುತು ಹಿಡಿದೆ. ಶಾಂತವೀರ.

"ಇದನ್ನ ನಾ ತೂಗಂಗಿಲ್ಲ ಯವ್ವಾ" ಅಂದ.

ಒಳಗಿನಿಂದ ಯಮನೂರಪ್ಪ ಹಿಟ್ಟಿನ ಕೈ ಕೊಡವುತ್ತ ಬಂದ. ಅವನನ್ನು ನೋಡಿ ನಿಂತ. "ಚಾ... ಚಾ..." ಅಂದ.

ಶಾಂತವೀರ ತಕ್ಕಡಿಯನ್ನು ಕೆಳಗಿಟ್ಟ. ಆ ಮಾತು ಏನೆಂದು ಅವನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಆದರೂ ಬಾಯಿ ಹಾಕಲಿಲ್ಲ. ಕಾದ.

"ಚಾ ಕುಡಿದು ಹೋಗು."

ಅವರು ಒಳಗೆ ಹೋದರು. ಕೋಳಿ ಮತ್ತೆ ಸೀಟು ಹತ್ತಿತು.