ಆರಿದ ಒಲೆಯ ವರ್ಷ

ಹುಳಿ ಬಂದ ಮುಸುಕಿನ ಜೋಳದ ಹಿಟ್ಟಿನ ವಾಸನೆ ಬಾಲ್ಯದಲ್ಲಿ ಕೋರ್ಲೆಯನ್ನು ದಿನವೂ ಎಬ್ಬಿಸುತ್ತಿತ್ತು. ಅಮ್ಮ ಮಡಕೆಯ ಮುಚ್ಚಳ ಸರಿಸಿದೊಡನೆ ಅದು ಚಾಪೆಯವರೆಗೆ ತೆವಳಿ ಬಂದು ಮೂಗು ಹಿಂಡುತ್ತಿತ್ತು. ಆ ಹಿಟ್ಟನ್ನು ಉಂಡೆ ಕಟ್ಟಿ, ಜೋಳದ ಸಿಪ್ಪೆಯಲ್ಲಿ ಸುತ್ತಿ, ಅಂಗಳದ ಮಣ್ಣಿನ ಒಲೆಯ ಮೇಲೆ ಬೇಯಿಸಿದರೆ ಕೆಂಕೆ. ಕಡಲ ದಡದ ತಮ್ಮೂರು ತೇಶಿಯ ಮೀನುಗಾರರು ಅದನ್ನು ಕಟ್ಟಿಕೊಳ್ಳದೆ ದೋಣಿ ಇಳಿಸುವುದಿಲ್ಲ. ಅಮ್ಮ ಹೋದಮೇಲೆ ಒಲೆ ಕೋರ್ಲೆಯದಾಯಿತು. ಈಗ ಅವಳ ತಲೆಯೂ ನೆರೆತಿತ್ತು.

ಆ ಸೋಮವಾರ ಬೆಳಿಗ್ಗೆ ಹಿಟ್ಟಿನ ವಾಸನೆಯನ್ನು ಬಣ್ಣದ ವಾಸನೆ ನುಂಗಿಹಾಕಿತ್ತು. ಹೊರಗೋಡೆಯ ಮೇಲೆ ಕೆಂಪು ಅಕ್ಷರಗಳು, ಇನ್ನೂ ಹಸಿ, ಕೆಳಕ್ಕೆ ಸೋರುತ್ತಿದ್ದವು: ‘ಕೆಲಸ ನಿಲ್ಲಿಸಿ. ಪರವಾನಗಿ ತೋರಿಸಿ.’

ಹಿಂದಿನ ಬೀದಿಯ ದರ್ಜಿಯ ಅಂಗಡಿಯ ಮೇಲೂ ಇದೇ ಅಕ್ಷರ ಬಿದ್ದಿತ್ತು. ಆಮೇಲೆ ಕಟ್ಟಡ ಕೆಡವುವ ಹಳದಿ ಯಂತ್ರ ಬಂತು. ಈಗ ಅಲ್ಲಿ ನೆಲದ ಸಿಮೆಂಟು ಮಾತ್ರ ಉಳಿದಿದೆ, ಮೇಕೆಗಳು ಮಲಗುತ್ತವೆ.

ಸಂಜೆ ಸೋದರಳಿಯ ಒಡಾರ್ಟೆ ಬಂದ. ಅವನು ಕೋರ್ಟಿನಲ್ಲಿ ಗುಮಾಸ್ತ. ಕೋರ್ಲೆ ಪೆಟ್ಟಿಗೆಯಿಂದ ಒಂದು ಖಾಲಿ ಸೀಸೆ ತೆಗೆದು ಅವನೆದುರು ಇಟ್ಟಳು. ಅಜ್ಜನಿಗೆ ಈ ನೆಲ ಕೊಟ್ಟ ದಿನ ಕುಲದ ಹಿರಿಯರು ಸಾಕ್ಷಿಗೆಂದು ನೆಲಕ್ಕೆ ಮದ್ಯ ಎರೆದ ಸೀಸೆ ಅದು.

“ಇದಕ್ಕಿಂತ ದೊಡ್ಡ ಪರವಾನಗಿ ಬೇಕಾ?”

“ನೆಲ ನಿಂದೇ ಅತ್ತೆ, ಯಾರೂ ಇಲ್ಲ ಅಂತಿಲ್ಲ. ಆದ್ರೆ ಅದ್ರ ಮೇಲೆ ಏನ್ ಮಾಡ್ಬೋದು ಅನ್ನೋದು ಬೇರೆ ಕಾನೂನು. ನಗರಸಭೆ ನಕ್ಷೇಲಿ ಈ ಬೀದಿ ಬರೀ ವಾಸಕ್ಕೆ. ವ್ಯಾಪಾರದ ಒಲೆ ಉರಿಸೋ ಹಾಗಿಲ್ಲ.”

“ಆ ನಕ್ಷೆ ಹುಟ್ಟೋಕೆ ಮುಂಚೆ ನಮ್ಮೊಲೆ ಹುಟ್ಟಿದೆ ಕಣೋ.”

“ಅದೇ ನಮ್ಮ ಬಲ. ನಕ್ಷೆಗಿಂತ ಹಳೇ ಕಸುಬನ್ನ ನಡೆಸೋಕೆ ಬಿಡ್ತಾರೆ. ನಡುವೆ ಒಂದು ವರ್ಷ ನಿಂತಿರಬಾರ್ದು, ಅಷ್ಟೇ. ನಿಂತ್ರೆ ಹಕ್ಕು ಹೋಯ್ತು, ಮತ್ತೆ ಹೊತ್ತಿಸಿದ್ರೂ ಬರಲ್ಲ.”

ಇಬ್ಬರಿಗೂ ಒಟ್ಟಿಗೇ ನೆನಪಾಯಿತು. ಅಮ್ಮ ತೀರಿಕೊಂಡಾಗ ಕೋರ್ಲೆ ಸೂತಕದ ಕಪ್ಪು ಬಟ್ಟೆ ಉಟ್ಟು, ಒಲೆ ಆರಿಸಿ, ದೊಡ್ಡಪ್ಪನ ಊರಿಗೆ ಹೋಗಿ ಒಂದು ವರ್ಷ ಪೂರ್ತಿ ಕೂತಿದ್ದಳು. ಈಗಿನ ಹೆಣ್ಣುಮಕ್ಕಳು ಇಷ್ಟು ಮಾಡುತ್ತಾರೆಯೇ ಎಂದು ಊರು ಹೊಗಳಿತ್ತು.

“ಆ ವಿಷಯ ಯಾರಿಗೂ ಹೇಳಿಲ್ಲ ತಾನೆ?”

“ಯಾರಿಗೆ ಹೇಳಿಲ್ಲ ಅಂತ ಕೇಳು.”

ಚರ್ಚಿನಲ್ಲಿ, ಮದುವೆಗಳಲ್ಲಿ, ಮೀನು ಮಾರುವ ದಡದಲ್ಲಿ ಎಲ್ಲೆಲ್ಲೂ ಹೇಳಿಕೊಂಡಿದ್ದಳು. ಆ ಹೆಮ್ಮೆಯೇ ಈಗ ಕುತ್ತಿಗೆಗೆ ಉರುಳಾಯಿತು.

ಒಲೆ ತಣ್ಣಗಾಯಿತು. ಬೀದಿಯಲ್ಲಿ ಯಾವ ಲಾರಿ ಗುರುಗುಟ್ಟಿದರೂ ಕೋರ್ಲೆ ಬಾಗಿಲಿಗೆ ಬಂದು ಹಳದಿ ಯಂತ್ರವೇ ಎಂದು ಇಣುಕುತ್ತಿದ್ದಳು. ಒಬ್ಬ ಮುದುಕ ಮೀನುಗಾರ ಬಂದು, ಏನೂ ಕೇಳದೆ, ತನ್ನ ಒದ್ದೆ ಬಲೆಯನ್ನು ಆ ಕೆಂಪು ಅಕ್ಷರಗಳ ಮೇಲೆ ಹರವಿ ಹೋದ. ಬಲೆ ಒಣಗಿದ ಮೇಲೂ ಅವನು ಒಯ್ಯಲಿಲ್ಲ.

ದೂರು ಕೊಟ್ಟವಳು ಪಕ್ಕದ ಮಹಡಿ ಮನೆಯ ಪೊಮಾ, ಒಳನಾಡಿನ ಕುಮಾಸಿ ಪಟ್ಟಣದಿಂದ ಬಂದ ಬಟ್ಟೆ ವ್ಯಾಪಾರಿ. ಹೊಗೆಗೆ ಪರದೆಗಳೆಲ್ಲ ಕಪ್ಪಾಗುತ್ತವೆ ಎಂದು ಅವಳ ತಕರಾರು.

ಗುರುವಾರ ನಗರಸಭೆಯ ಅಧಿಕಾರಿ ಬೊಟ್ವೆ ಬಂದ. ಅಕ್ಕಪಕ್ಕದವರು ಅಂಗಳದಲ್ಲಿ ಗುಂಪುಗೂಡಿದರು. ಪೊಮಾಳೂ ಇಳಿದು ಬಂದು ಬಾಗಿಲ ಬಳಿ ನಿಂತಳು. ಬೊಟ್ವೆ, ಕೋರ್ಲೆ ಕೊಟ್ಟ ನೀರು ಕುಡಿದು, ಮೃದುವಾಗಿಯೇ ಕೇಳಿದ.

“ತಾಯಿ, ಈ ಒಲೆ ಯಾವತ್ತಾದ್ರೂ ವರ್ಷಗಟ್ಲೆ ನಿಂತಿತ್ತಾ?”

ಇಲ್ಲ ಎಂದರೆ ಅಮ್ಮನ ಸೂತಕ ಮುರಿದೆ ಎಂದು ಊರೆದುರು ಒಪ್ಪಿಕೊಂಡ ಹಾಗೆ; ಹೌದು ಎಂದರೆ ಅಮ್ಮನ ಒಲೆಯನ್ನು ಯಂತ್ರದ ಬಾಯಿಗೆ ಕೊಟ್ಟ ಹಾಗೆ. ಕೋರ್ಲೆ ಸೆರಗಿನಂತೆ ಹೊದ್ದ ಬಟ್ಟೆಯನ್ನು ಸರಿಮಾಡಿಕೊಂಡಳು.

“ನಿಂತಿತ್ತು. ಅಮ್ಮ ಹೋದ ವರ್ಷ.”

ಒಡಾರ್ಟೆ ಕಣ್ಣು ಮುಚ್ಚಿಕೊಂಡ.

“ನಿಂತಿರ್ಲಿಲ್ಲ,” ಎಂದಳು ಪೊಮಾ.

ಎಲ್ಲರೂ ತಿರುಗಿದರು. ಅವಳು ಯಾರ ಮುಖವನ್ನೂ ನೋಡದೆ ಹೇಳಿದಳು. “ಅದು ನಾನು ಮನೆ ಕಟ್ಟಿಸ್ತಿದ್ದ ವರ್ಷ. ನಡುವೆ ಗೋಡೆ ಇರ್ಲಿಲ್ಲ. ಗಾರೆ ಕೆಲಸದೋರು ಊಟ ಸಿಗಲ್ಲ ಅಂತ ಬಿಟ್ಟು ಹೋಗ್ತಿದ್ರು. ಒಬ್ಬ ಹೆಂಗಸನ್ನ ಇಟ್ಟು ಇದೇ ಒಲೇಲಿ ಕೆಂಕೆ ಬೇಯಿಸಿದೆ. ಮನೆ ಮುಗಿಯೋವರೆಗೂ ದಿನಾ.”

“ಊಟ ಸುಮ್ನೆ ಹಾಕಿದ್ರಾ?” ಬೊಟ್ವೆ ಕೇಳಿದ.

“ವ್ಯಾಪಾರದೋಳು ಸ್ವಾಮಿ ನಾನು. ಊಟದ ದುಡ್ಡು ಕೂಲೀಲಿ ಮುರ್ಕೊಂಡೆ.”

ಹಿಂದಿನಿಂದ ಯಾರೋ ಕಿಸಕ್ಕೆಂದರು. “ಹೊಗೆ ಅಂತ ದೂರು ಕೊಟ್ಟೋಳು ಹೊಗೆ ಕದ್ದಿದ್ಲು.”

“ಒಂದು ಹೊಗೆ ಕೊಳವೆ ಇಡಿಸಿ ಅಂತ ದೂರು ಕೊಟ್ಟೆ,” ಎಂದಳು ಪೊಮಾ, ಅತ್ತ ತಿರುಗಿ. “ಒಲೆ ಒಡೀರಿ ಅಂದೆನಾ?”

ಬೊಟ್ವೆ ತಲೆ ಕೆರೆದುಕೊಂಡ. “ಕೂಲೀಲಿ ಮುರ್ಕೊಂಡ್ರೆ ಅದೂ ವ್ಯಾಪಾರವೇ. ಹಕ್ಕು ಈ ಜಾಗದ್ದು. ಬೆಂಕಿ ಹಚ್ಚಿದ ಕೈ ಯಾರದ್ದು ಅಂತ ಕಾನೂನು ಕೇಳಲ್ಲ. ಇದನ್ನ ನಗರಸಭೆ ಸಮಿತಿ ಮುಂದೆ ಬಂದು ಹೇಳ್ಬೇಕು ಮೇಡಂ, ಎಲ್ಲರೆದುರಿಗೆ.”

“ಹೇಳ್ತೀನಿ.”

“ಅಲ್ಲೀವರೆಗೆ ಯಂತ್ರ ಬರಲ್ಲ. ತಾಯಿ, ನೀವು ಕೊಳವೆ ಇಡಿಸಿ, ಒಲೆ ಹಚ್ಚಿ.”

ಜನ ಚದುರಿದರು. ಕೋರ್ಲೆ ಅಲ್ಲೇ ಕಲ್ಲಿನ ಮೇಲೆ ಕೂತಳು. ತಾನು ಅಷ್ಟು ದೂರದಲ್ಲಿ ಕಪ್ಪು ಉಟ್ಟು ಕೂತಿದ್ದಾಗ ಇಲ್ಲಿ ಅಮ್ಮನ ಒಲೆಯಲ್ಲಿ ಪರರ ಮಡಕೆ ಕುದಿಯುತ್ತಿತ್ತು. ಹಸಿದವರನ್ನು ಕಂಡರೆ ಅಮ್ಮ ತಾನೇ ಒಲೆ ಹಚ್ಚಲು ಏಳುತ್ತಿದ್ದಳು ಎಂಬುದೂ ನೆನಪಾಯಿತು. ಸಮಿತಿ ಏನನ್ನುವುದೋ, ಗೊತ್ತಿಲ್ಲ. ಗೋಡೆಯ ಮೇಲೆ, ಬಲೆಯ ಕಣ್ಣುಗಳೊಳಗಿಂದ, ಕೆಂಪು ಇನ್ನೂ ಕಾಣುತ್ತಿತ್ತು.

ಹೊಗೆ ಕೊಳವೆ ಇಡಿಸಿದ ಮರುದಿನ ಬೆಳಿಗ್ಗೆ ಅವಳು ಕಡ್ಡಿ ಗೀರಿ ಒಲೆ ಹಚ್ಚಿದಳು.

ಮಧ್ಯಾಹ್ನ ಮೊದಲ ಮಡಕೆ ಇಳಿಯಿತು. ಕೋರ್ಲೆ ಎರಡು ಬಿಸಿ ಕೆಂಕೆ, ಹುರಿದ ಮೀನು, ಅರೆದ ಮೆಣಸು ತಟ್ಟೆಯಲ್ಲಿಟ್ಟು ನಡುಗೋಡೆಯ ಹತ್ತಿರ ಹೋದಳು. ಆಚೆ ಪೊಮಾ ಹೊಗೆ ಹಿಡಿದ ಪರದೆಗಳನ್ನು ಒಗೆದು ಹರವುತ್ತಿದ್ದಳು. ಕೋರ್ಲೆ ತಟ್ಟೆಯನ್ನು ಗೋಡೆಯ ಮೇಲಿನಿಂದ ಚಾಚಿದಳು. ಪೊಮಾ ಒದ್ದೆ ಬಲಗೈ ಒರೆಸಿಕೊಂಡು ತೆಗೆದುಕೊಂಡಳು.